ಹೊಳೆಯಿಲ್ಲದ ಊರಿನ ಹರಿಗೋಲದವರು

"ಈ ದಾರ ನಿಮ್ಮ ದಾದಾ ಹಾಕಿದ್ದಲ್ಲ, ಚಾಚಾ."

ಕಲ್ಯಾಣಮ್ಮ ಹಳದಿಗಟ್ಟಿದ ಹಾಳೆಗಳ ಕಟ್ಟನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಖಾಜಾಹುಸೇನ ಸಾಹೇಬರು ಹಣೆಯ ಮೇಲಿದ್ದ ಚಾಳೀಸನ್ನು ಮೂಗಿಗೆ ಇಳಿಸಿ ನೋಡಿದರು, ಮತ್ತೆ ಹಣೆಗೇ ಏರಿಸಿಕೊಂಡರು. ಎರಡೂ ರೀತಿಯಲ್ಲಿ ಅವರಿಗೆ ಕಾಣುತ್ತಿದ್ದದ್ದು ಅಷ್ಟೇ.

"ಹ್ಯಾಂಗ ಹೇಳ್ತಿ, ಬೇಟಿ? ಎಪ್ಪತ್ತೈದು ವರ್ಷದಿಂದ ಈ ಟ್ರಂಕಿನಾಗ ಅದ. ಹೊಲದವ್ರು ನಮ್ಮ ದಾದಾ, ಇಟ್ಟವ್ರು ನಮ್ಮ ಅಬ್ಬಾ, ಇಲಿ ಓಡಿಸಿದವ ನಾನು."

"ಉಳದ ಹಾಳಿ ಎಲ್ಲಾ ಮೇಣ ಸವರಿದ ದಾರದಾಗ ಅವ. ಆ ದಾರ ಕಪ್ಪಗಾಗ್ಯದ. ನಡುವ ಈ ಒಂದು ಗೇಣು ಅಷ್ಟೇ ಬೆಳ್ಳಗದ, ಅದೂ ಎರಡೆಳಿ."

ಹನ್ನೊಂದು ದಿನ ಅಲೆದ ಮೇಲೆ ಸಿಕ್ಕ ಕಟ್ಟು ಅದು. ಎಷ್ಟೋ ಹಳ್ಳಿಗಳ ಹಾಳೆಗಳು ಅದರಲ್ಲಿದ್ದವು. ಬೇಕಾಗಿದ್ದ ಮಡ್ಡಿನಾಳದ ಹಾಳೆ ಒಂದೇ ಇರಲಿಲ್ಲ.

ಸಾಹೇಬರ ಅಜ್ಜ ನಿಜಾಮರ ಕಾಲದಲ್ಲಿ ಹೊಲ ಅಳೆಯುವ ತಂಡದ ಜೊತೆ ತಿರುಗಿದ ಮುನ್ಶಿ. ಸರಕಾರಕ್ಕೆ ಬರೆದುಕೊಟ್ಟದ್ದರ ಇನ್ನೊಂದು ಪ್ರತಿಯನ್ನು, ಯಾರೂ ಕೇಳದಿದ್ದರೂ, ತನ್ನ ಖುಷಿಗಾಗಿ ಉರ್ದುವಿನಲ್ಲಿ ಬರೆದಿಟ್ಟುಕೊಂಡ ಮನುಷ್ಯ. ಅಂಥವರೆಂದರೆ ಕಲ್ಯಾಣಮ್ಮನಿಗೆ ಜೀವ. ಶಹಾಪುರದ ಕಚೇರಿಯೆದುರು ಗಿಡದ ನೆರಳಿಗೆ ಮಡಚುವ ಮೇಜು ಹಾಕಿಕೊಂಡು, ಹದಿನೈದು ವರ್ಷದಿಂದ ಅವಳು ಜನರ ಅರ್ಜಿ ಬರೆಯುತ್ತಿದ್ದಳು. ಅರ್ಜಿಯ ಹಿಂದಿನ ಕತೆ ಬಿಡಿಸುವ ಚಟ ಅಲ್ಲೇ ಅಂಟಿದ್ದು. ಈಗೀಗ ಜನ ಅರ್ಜಿ ಬರೆಸುವುದಕ್ಕಿಂತ ಒಗಟು ಹೊತ್ತುಕೊಂಡು ಬರುವುದೇ ಹೆಚ್ಚಾಗಿತ್ತು.

ಈ ಸಲದ ಒಗಟು ತಂದವನು ಮಡ್ಡಿನಾಳದ ಅಂಬ್ರಪ್ಪ. ಮನೆಹೆಸರು ಹರಿಗೋಲ. ಅವನ ಊರಿನಲ್ಲಿ ಹೊಳೆಯಿಲ್ಲ, ಕೆರೆಯಿಲ್ಲ, ಇರುವ ಒಂದು ಹಳ್ಳವೂ ಮಳೆಗಾಲದಲ್ಲಿ ಎರಡು ದಿನ ಹರಿದು ಸುಸ್ತಾಗುವಂಥದ್ದು. ಕಾಲುವೆಗೆ ನೀರು ಬಿಟ್ಟ ವರ್ಷ ಅವನು ನಾರಾಯಣಪುರದ ಆಣೆಕಟ್ಟು ನೋಡಲು ಹೋದ. ಹರಿಗೋಲೆಂಬುದನ್ನು ಅವನು ಮೊದಲು ಕಂಡದ್ದೇ ಅಲ್ಲಿ. ಅದಕ್ಕೂ ಮೊದಲು ಕಂಡದ್ದು ದೇವಕಮ್ಮನನ್ನು. ಆಕೆಯ ಅಪ್ಪ ಖಂಡಪ್ಪ ಆಣೆಕಟ್ಟಿನ ಗೇಟಿನ ಕೆಲಸದವನು. ಆಣೆಕಟ್ಟು ಏಳುವ ಮೊದಲು ಅವನ ಮನೆಯವರು ಕೃಷ್ಣೆಯಲ್ಲಿ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದರು. ಅವರ ಮನೆಹೆಸರೂ ಹರಿಗೋಲವೇ.

ಕುಲ ಒಂದೇ, ಮನೆಹೆಸರೂ ಒಂದೇ. ಹಾಗಾದರೆ ಅಣ್ಣತಮ್ಮಂದಿರ ಮನೆ, ಹುಡುಗ ಹುಡುಗಿ ವರಸೆಯಲ್ಲಿ ಅಣ್ಣ ತಂಗಿ ಎಂದು ಕುಲದ ಹಿರಿಯ ದ್ಯಾವಪ್ಪ ಮದುವೆಗೆ ಅಡ್ಡ ನಿಂತಿದ್ದ. ಊರೂರು ತಿರುಗಿ ಮನೆತನಗಳ ವಂಶಾವಳಿ ಹಾಡುವ ಹೆಳವ ಎರಡೂ ಮನೆಗಳನ್ನು ಒಂದೇ ಉಸಿರಿನಲ್ಲಿ ಹಾಡುತ್ತಾನೆ ಎನ್ನುವುದು ಅವನ ಪುರಾವೆ. ಸೋಮವಾರ ಮಡ್ಡಿನಾಳದ ಹಣಮಂದೇವರ ಗುಡಿಯ ಮುಂದೆ ಹಿರಿಯರ ಸಭೆ ಕೂಡುವುದಿತ್ತು. ಅಷ್ಟರೊಳಗೆ ಅಂಬ್ರಪ್ಪನ ಮನೆಗೆ ಆ ಹೆಸರು ಎಲ್ಲಿಂದ ಬಂತೆಂದು ತೋರಿಸಿದರೆ ಮದುವೆ. ಇಲ್ಲದಿದ್ದರೆ ದೇವಕಮ್ಮನಿಗೆ ಬೇರೆ ಗಂಡು ಆಗಲೇ ಗೊತ್ತಾಗಿದ್ದ.

ಇವತ್ತು ಶನಿವಾರ.

ಮಮ್ತಾಜ ಚಾಚಿ ಮಂಡಕ್ಕಿ ಸುಸಲಾದ ತಾಟು ತಂದು ಹಾಳೆಗಳ ಪಕ್ಕದಲ್ಲೇ ಇಟ್ಟಳು. ಸಾಹೇಬರು ಹಾಳೆಗಳನ್ನು ಒಂದು ಮೊಳ ಆಚೆ ಸರಿಸಿ, ತಾಟನ್ನು ಒಂದು ಮೊಳ ಈಚೆ ಎಳೆದುಕೊಂಡರು.

"ಚಾಚಿ, ಈ ತಿಂಗಳದಾಗ ಮಡ್ಡಿನಾಳದಿಂದ ಯಾರರ ಬಂದಿದ್ರೇನ್ರಿ?"

"ಯಾರು ಬಂದಿಲ್ಲ ಅಂತ ಕೇಳು. ಈ ಮನಿ ಬಸ್ ಸ್ಟ್ಯಾಂಡ್ ಆಗ್ಯದ." ಚಾಚಿ ಬೆರಳು ಮಡಚಿದಳು. "ಮದ್ಲು ಆ ಹುಡುಗ ಬಂದ, ಅಂಬ್ರಪ್ಪ. ಒಂದ ಚೀಲ ಹಸಿ ಶೇಂಗಾ ತಂದಿದ್ದ. ನಿಮ್ಮ ಚಾಚಾ ಇರಲಿಲ್ಲ, ಬಾಗಿಲದಾಗೇ ನಿಂತು ಹೋದ. ಒಳಗ ಬಾ ಅಂದ್ರ ನಾಚಿಕಿ."

"ಆಮ್ಯಾಲ?"

"ದ್ಯಾವಪ್ಪ ಬಂದ. ಮೂರು ಸಲ ಚಾ ಕುಡದ, ಮೂರೂ ಸಲ ಸಕ್ಕರಿ ಕಮ್ಮಿ ಆಗ್ಯದ ಅಂದ. ಈ ಟ್ರಂಕಿನ ಮ್ಯಾಲೇ ಕುಂತಿದ್ದ."

"ಟ್ರಂಕಿನ ಮ್ಯಾಲೆ ಕುಂತವ ಟ್ರಂಕ್ ತೆಗಿಯೂದು ಹ್ಯಾಂಗ?" ಸಾಹೇಬರು ಬಾಯಿತುಂಬ ಸುಸಲಾ ಇಟ್ಟುಕೊಂಡೇ ಹೇಳಿದರು. "ಅಂವ ಒಮ್ಮಿ ಕುಂತ್ರ ಎಬ್ಬಸಾಕ ಇಬ್ರು ಬೇಕು."

ದ್ಯಾವಪ್ಪನಿಗೆ ಕಾರಣವಿತ್ತು. ತನ್ನ ತಂಗಿಯ ಮಗಳನ್ನು ಅಂಬ್ರಪ್ಪನಿಗೆ ಕೊಡಬೇಕೆಂಬ ಆಸೆ ಅವನಿಗೆ ಮೂರು ವರ್ಷದ್ದು. ಹಾಳೆ ಕಾಣೆಯಾದರೆ ಲಾಭ ಅವನಿಗೇ. ಕಲ್ಯಾಣಮ್ಮನ ಬೆರಳೂ ಮೊದಲು ಅವನ ಹೆಸರಿನ ಮೇಲೆಯೇ ಹೋಗಿ ನಿಂತಿತು.

ಆದರೆ ದಾರ ಬೇರೆಯದನ್ನೇ ಹೇಳುತ್ತಿತ್ತು. ದ್ಯಾವಪ್ಪ ಕದ್ದಿದ್ದರೆ ಹಾಳೆಯನ್ನು ಹರಿದುಕೊಂಡು ಹೋಗುತ್ತಿದ್ದ. ಇಲ್ಲಿ ಯಾರೋ ಹೊಲಿಗೆ ಬಿಚ್ಚಿ, ಒಂದು ಹಾಳೆ ತೆಗೆದು, ಉಳಿದವು ಕಳಚದಿರಲೆಂದು ಮತ್ತೆ ಹೊಲಿದು ಹೋಗಿದ್ದರು. ಕದಿಯಲು ಬಂದವರು ರಿಪೇರಿ ಮಾಡಿ ಹೋಗುವುದುಂಟೇ? ಅವಳು ಉಗುರಿನ ತುದಿಯಿಂದ ಹೊಲಿಗೆಯ ಕೊನೆಯನ್ನು ಹುಡುಕಿದಳು. ಗಂಟಿರಲಿಲ್ಲ. ದಾರ ಎರಡು ಹೊಲಿಗೆ ಹಿಂದಕ್ಕೆ ಬಂದು, ತನ್ನ ಮೇಲೆ ತಾನೇ ಕೂತು, ಅಲ್ಲಿಗೆ ಕಡಿದಿತ್ತು.

"ಚಾಚಿ, ನಿಮ್ಮ ಮನ್ಯಾಗ ಹೊಸಾ ಕೌದಿ ಯಾವುದರ ಅದೇನ್ರಿ?"

ಚಾಚಿಯ ಮುಖ ಅರಳಿತು. ಒಳಗಿನಿಂದ ಒಂದು ಪುಟ್ಟ ಕೌದಿ ಬಂತು. ಹಸಿರು, ಕೆಂಪು, ಹಳೆಯ ಕುಬಸದ ತುಂಡು, ನಡುವೆ ಒಂದು ಹಳದಿ ಚೌಕ. "ಮೊಮ್ಮಗಳ ತೊಟ್ಟಲಕ್ಕ ಅಂತ ಹೊಲಸೀನಿ. ಎಷ್ಟು ಮೆತ್ತಗದ ನೋಡು."

ಕಲ್ಯಾಣಮ್ಮ ಅದರ ಮೂಲೆಯನ್ನು ಮಗುಚಿ ನೋಡಿದಳು. ಅಲ್ಲೂ ಗಂಟಿಲ್ಲ, ಎರಡು ಹೊಲಿಗೆ ಹಿಂದಕ್ಕೆ. ಕೌದಿ ಹೊಲಿಯುವವರು ಗಂಟು ಹಾಕುವುದಿಲ್ಲ; ಮಲಗಿದವರ ಮೈಗೆ ಚುಚ್ಚುತ್ತದೆ.

"ಇದನ್ನ ಹೊಲದವ್ರು?"

"ತಿಮ್ಮವ್ವ. ಆ ಹುಡುಗನ ಅಜ್ಜಿನೇ. ತಾನೇ ತಂದುಕೊಟ್ಟು, ನಾ ಕೂಸಿಗಿ ನೀರು ಹಾಕೂತನ ಇಲ್ಲೇ ಕುಂತಿದ್ಲು."

"ಮತ್ತ ಆಕಿ ಬಂದಿದ್ದು ಹೇಳಲಿಲ್ಲಲ್ರಿ."

"ಅಯ್ಯ, ನೀ ಬಂದವ್ರನ್ನ ಕೇಳಿದಿ. ತಿಮ್ಮವ್ವ ಬಂದಾಕಿ ಹ್ಯಾಂಗ ಆಗತಾಳ? ನಲವತ್ತು ವರ್ಷದಿಂದ ಮನ್ಯಾಗ ಇದ್ದಂಗ ಇದ್ದಾಳ."

ಸಾಹೇಬರ ಬಾಯಿ ನಿಂತಿತು. ನಿಧಾನವಾಗಿ ತಾಟನ್ನು ಕೆಳಗಿಟ್ಟರು.

"ಆಕಿ ಹೋದ ಸಲ ಬಂದಾಗ ಮಡ್ಡಿನಾಳದ ಹಾಳಿ ಯಾವುದು ಅಂತ ಕೇಳಿದ್ಲು. ನಾನೇ ತೋರ್ಸೀನಿ. ಓದಿ ಹೇಳ್ರಿ ಅಂತ ಕೇಳಲಿಲ್ಲ. ನಂಗೂ ಚಾಳೀಸ ಸಿಗಲಿಲ್ಲ, ಸುಮ್ನಾದೆ."

"ಚಾಳೀಸ ನಿಮ್ಮ ಹಣಿ ಮ್ಯಾಲೇ ಇದ್ದಿರಬೇಕು," ಎಂದಳು ಚಾಚಿ.

*

ಭಾನುವಾರದ ಬಸ್ಸು ಕಲ್ಯಾಣಮ್ಮನನ್ನೂ ಸಾಹೇಬರನ್ನೂ ಕಾಲುವೆಯ ಸೇತುವೆಯ ಹತ್ತಿರ ಇಳಿಸಿ, ಧೂಳೆಬ್ಬಿಸಿಕೊಂಡು ಹೋಯಿತು. ಅಲ್ಲಿಂದ ಮಡ್ಡಿನಾಳಕ್ಕೆ ದಂಡೆಯ ಮೇಲೆ ಒಂದೂವರೆ ಮೈಲಿ ನಡಿಗೆ.

ಕಲ್ಯಾಣಮ್ಮನಿಗೆ ನಡೆಯುವುದು ಬೇಸರವಾಗಲಿಲ್ಲ. ಎಡಗಡೆ ಕಾಲುವೆಯ ನೀರು ತುಂಬು ಬಸುರಿಯಂತೆ ಅವಸರವಿಲ್ಲದೆ ಸಾಗುತ್ತಿತ್ತು. ಬಲಗಡೆ, ಎರಡು ವರ್ಷದ ಹಿಂದೆ ಜೋಳ ಬಿಟ್ಟರೆ ತೊಗರಿ ಕಾಣುತ್ತಿದ್ದ ಎರೆಹೊಲದಲ್ಲಿ, ಈಗ ಭತ್ತದ ಹಸಿರು. ಎಲ್ಲಿಂದಲೋ ಬೆಳ್ಳಕ್ಕಿಗಳೂ ವಿಳಾಸ ಕೇಳಿಕೊಂಡು ಬಂದುಬಿಟ್ಟಿದ್ದವು. ನೀರು ಕೂಡ ಹಾಗೆಯೇ ಬಂದಿರಬಹುದೇ ಎಂದು ಅವಳಿಗೆ ಅನ್ನಿಸಿತು. ಹೊಳೆಯಿಲ್ಲದ ಊರಿನಲ್ಲಿ ಹರಿಗೋಲದವರೆಂಬ ಮನೆಯಿದೆಯಂತೆ, ನೋಡಿಬರೋಣ ಎಂದು ಕೃಷ್ಣೆ ಅಷ್ಟು ದೂರದಿಂದ ಎದ್ದು ಬಂದಳೋ ಏನೋ.

"ಬೇಟಿ, ನೀ ನಗಾಕತ್ತಿ," ಸಾಹೇಬರು ಹಿಂದಿನಿಂದ ಏದುಸಿರು ಬಿಟ್ಟರು. "ಕಳ್ಳರನ್ನ ಹಿಡಿಯಾಕ ಹೊಂಟವ್ರು ನಗಬಾರ್ದು."

"ಕಳ್ಳಿ ಜ್ವಾಳದ ರೊಟ್ಟಿ ಬಡೀತಾಳ, ಚಾಚಾ. ಆಕಿ ಕೈ ರೊಟ್ಟಿ ಉಂಡವ್ರು ಸಿಟ್ಟು ಮಾಡೂದು ಹ್ಯಾಂಗ?"

ತಿಮ್ಮವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದಳು. ತೊಡೆಯಿಂದ ಹೊಸ್ತಿಲವರೆಗೆ ದೊಡ್ಡದೊಂದು ಕೌದಿ ಹರಡಿಕೊಂಡಿತ್ತು. ಎಪ್ಪತ್ತು ದಾಟಿದರೂ ಸೂಜಿಗೆ ದಾರ ತಾನೇ ಪೋಣಿಸುತ್ತಿದ್ದಳು.

"ಬರ್ರಿ ಸಾಹೇಬ್ರ. ನಡಕೋಂತ ಬಂದ್ರಿ? ಮೊಣಕಾಲು ನಿಮ್ಮ ಕೂಡ ಬಂದಾವೋ, ದಂಡಿ ಮ್ಯಾಲೆ ಕುಂತಾವೋ?"

"ಒಂದು ಬಂದದ. ಇನ್ನೊಂದು ಹಿಂದ ಬರಾಕತ್ತದ."

ಕಲ್ಯಾಣಮ್ಮ ಹಾಳೆಯ ಮಾತೆತ್ತದೆ ಕೌದಿಯ ಅಂಚಿಗೆ ಕುಳಿತಳು. ಕೌದಿಯ ಮುಂದೆ ಕುಳಿತ ಹೆಂಗಸು ಬರಿಗೈಯಲ್ಲಿ ಕೂರುವ ಪದ್ಧತಿ ಆ ಕಡೆ ಇಲ್ಲ. ಅವಳೂ ಬುಟ್ಟಿಯಿಂದ ಒಂದು ಸೂಜಿ ಎತ್ತಿಕೊಂಡು, ಈಚೆ ಅಂಚಿನಿಂದ ಹೊಲಿಯತೊಡಗಿದಳು. ಸ್ವಲ್ಪ ಹೊತ್ತು ಮೂವರೂ ಮಳೆ, ಭತ್ತ, ಭತ್ತದ ಗದ್ದೆಯಿಂದ ಹೆಚ್ಚಾದ ಸೊಳ್ಳೆ, ಹೀಗೆ ಮಾತಾಡಿದರು.

"ಯಾರಿಗವ್ವ ಇಷ್ಟು ದೊಡ್ಡ ಕೌದಿ?"

"ಅಂಬ್ರೂನ ಮದುವಿಗಿ."

"ನಾಳಿ ಹಿರಿಯಾರು ಬ್ಯಾಡ ಅಂದ್ರ?"

"ದೇವಕಮ್ಮ ಅಲ್ಲದಿದ್ರ ಇನ್ನೊಬ್ಬಾಕಿ ಹೊಚ್ಚಿಗೋತಾಳ. ಕೌದಿಗಿ ಏನು ಗೊತ್ತಾಗತದ?" ತಿಮ್ಮವ್ವ ತಲೆಯೆತ್ತದೆ ಹೇಳಿದಳು. ಆದರೆ ಸೂಜಿ ಒಂದು ಕ್ಷಣ ತಡೆದಿತ್ತು.

ಕಲ್ಯಾಣಮ್ಮ ಹೊಲಿಯುತ್ತ ಹೊಲಿಯುತ್ತ ನಡುವಿನ ಹಳದಿ ಚೌಕದವರೆಗೆ ಸರಿದಳು. ಅಂಗೈಯಿಂದ ಅದನ್ನು ಒತ್ತಿದಳು. ಒಳಗಿನಿಂದ ಒಣ ಎಲೆ ತುಳಿದಂಥ ಸಪ್ಪಳ ಬಂತು.

"ಅವ್ವ, ಹಳೆ ಸೀರಿ ಹಿಂಗ ಸಪ್ಪಳ ಮಾಡಂಗಿಲ್ಲ."

"ಗಂಜಿ ಹಾಕಿದ ಸೀರಿ."

"ಉರ್ದು ಕಲ್ತ ಸೀರಿ ಇರಬೇಕು."

ತಿಮ್ಮವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. ಮೊದಲು ಅವಳ ಭುಜ ಕುಲುಕಿದವು, ಆಮೇಲೆ ಹೊಟ್ಟೆ, ಕೊನೆಗೆ ಹಲ್ಲಿಲ್ಲದ ಬಾಯಿ ತೆರೆದು ನಗು ಹೊರಗೆ ಬಂತು.

"ನೀ ಅರ್ಜಿ ಬರಿಯಾಕಿ ಅಲ್ಲವ್ವ, ಪೊಲೀಸಾಕಿ."

"ಒಂದು ಗಂಟು ಹಾಕಿ ಬಂದಿದ್ರ ನೀ ಸಿಗತಿದ್ದಿಲ್ಲ."

"ಗಂಟು ಹಾಕಾಕ ಕೈ ಬರಂಗಿಲ್ಲ. ಮಲಗಿದವ್ರ ಮೈಗಿ ಚುಚ್ಚತದ."

"ಕಾಗದದ ಮ್ಯಾಲೆ ಯಾರವ್ವ ಮಲಗತಾರ?"

"ಯಾರ್ಯಾರೋ ಮಲಗ್ಯಾರ. ನಿನಗ ತಿಳಿಯಂಗಿಲ್ಲ." ತಿಮ್ಮವ್ವ ಸಾಹೇಬರ ಕಡೆ ತಿರುಗಿದಳು. "ನಿಮ್ಮ ಮನಿ ಉಪ್ಪು ತಿಂದು ನಿಮ್ಮ ಟ್ರಂಕಿಗಿ ಕೈ ಹಾಕೀನಿ, ಸಾಹೇಬ್ರ. ಬೈಯೂದಿದ್ರ ಮದ್ಲು ಬೈದುಬಿಡ್ರಿ. ಆಮ್ಯಾಲ ರೊಟ್ಟಿ ಬಡೀತೀನಿ."

"ರೊಟ್ಟಿ ಬಡದ ಮ್ಯಾಲ ಬೈತೀನಿ," ಎಂದರು ಸಾಹೇಬರು. "ಇಲ್ಲಾಂದ್ರ ಸಿಟ್ಟಿನ್ಯಾಗ ಎರಡು ರೊಟ್ಟಿ ಕಮ್ಮಿ ಉಂಡೇನು."

ತಿಮ್ಮವ್ವ ಹಳದಿ ಚೌಕದ ಹೊಲಿಗೆಯನ್ನು ತಾನೇ ಬಿಚ್ಚಿದಳು. ಎರಡು ಪದರ ಹಳೆಯ ಸೀರೆಯ ನಡುವಿನಿಂದ ನಾಲ್ಕು ಮಡಿಕೆಯ ಹಾಳೆ ಹೊರಬಂತು. ಅದನ್ನು ಕೊಡುವ ಮೊದಲು ಒಮ್ಮೆ ಸೆರಗಿನಿಂದ ಒರೆಸಿದಳು.

"ಓದ್ರಿ. ಕೊಂಕಲ್ ಕಡಿಂದ ಬಂದ ಭರಮಪ್ಪ ಅಂತ ಬರದಿರಬೇಕು. ಅವನೇ ನನ್ನ ಮಾವ."

ಸಾಹೇಬರು ಚಾಳೀಸನ್ನು ಇಳಿಸಿ, ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಬಾಗಿಲಿನ ಬೆಳಕಿಗೆ ಹೋಗಿ ನಿಂತರು. ಓದುವಾಗ ಅವರ ದನಿ ಬದಲಾಯಿತು. ಸತ್ತ ಅಜ್ಜ ಮಾತಾಡಿದಂತೆ ಗಂಭೀರವಾಯಿತು.

"ಮೌಜೆ ಮಡ್ಡಿನಾಳ. ಫಸಲಿ ಸಾವಿರದ ಮುನ್ನೂರಾ ಇಪ್ಪತ್ತು, ಅಂದ್ರ ಎಪ್ಪತ್ತೈದು ವರ್ಷದ ಹಿಂದಿನ ಮಾತು. ಹೊಲದ ಹೆಸರು, ಹರಿಗೋಲ ಹೊಲ. ನಾರಾಯಣಪುರದ ಹತ್ತಿರ ಹೊಳಿ ದಾಟಸೂ ಹರಿಗೋಲಿನ ಚಾಕರಿಗಿ ಕೊಟ್ಟ ಇನಾಮು. ಉಳೂ ಮನುಷ್ಯಾ ಭರಮಪ್ಪ, ಕೊಂಕಲ್ ಕಡಿಂದ ಬಂದವ." ಅವರು ಬೆರಳನ್ನು ಒಂದು ಗೆರೆ ಕೆಳಗಿಳಿಸಿದರು. "ಮನಿಹೆಸರು ಕೇಳಿದರ ಗೊತ್ತಿಲ್ಲ ಅಂದ. ಹೊಲದ ಹೆಸರೇ ಬರದೀನಿ."

ಕಲ್ಯಾಣಮ್ಮ ಉಸಿರು ಬಿಟ್ಟಳು. ಹನ್ನೊಂದು ದಿನದ ಉಸಿರು.

"ಯಾಕ ಬರದ್ರು, ಚಾಚಾ?"

"ಖಾನೆ ಖಾಲಿ ಬಿಡಂಗಿಲ್ಲಲ್ಲ, ಬೇಟಿ. ಊರು, ಹೊಲ, ಹೆಸರು, ಮನಿಹೆಸರು, ಎಲ್ಲಾ ಖಾನೆ ತುಂಬಬೇಕು. ಒಂದು ಖಾಲಿ ಇದ್ರ ದೊಡ್ಡ ಸಾಹೇಬ ಹಾಳಿ ಮುಖದ ಮ್ಯಾಲೆ ಒಗಿತಿದ್ದ. ಹೊಸದಾಗಿ ಬಂದವ್ರಿಗಿ ಮನಿಹೆಸರು ಎಲ್ಲಿಂದ ತರೂದು? ನಿಂತ ಹೊಲದ ಹೆಸರು ಬರದು ಮುಂದಿನ ಊರಿಗಿ ಹೋಗೂದು." ಸಾಹೇಬರು ನಾಚಿಕೆಯಿಂದ ಗಡ್ಡ ತುರಿಸಿಕೊಂಡರು. "ನಮ್ಮ ದಾದಾ ಖಾನೆ ತುಂಬಾಕ ಹೋಗಿ ಇಲ್ಲೊಂದು ಮನಿತನಾನೇ ಕಟ್ಯಾರ."

ಹೊಲಕ್ಕೆ ಹೆಸರು ಹರಿಗೋಲಿನಿಂದ ಬಂತು, ಮನುಷ್ಯನಿಗೆ ಹೊಲದಿಂದ. ಮುಂದೆ ಬಂದ ಹೆಳವ ಎರಡೂ ಕಡೆ ಒಂದೇ ಹೆಸರು ಕೇಳಿ, ಎರಡನ್ನೂ ಒಂದೇ ಹಾಡಿಗೆ ಪೋಣಿಸಿದ. ಭರಮಪ್ಪನಿಗೂ ಹೊಳೆದಂಡೆಯ ಹರಿಗೋಲದವರಿಗೂ ಇದ್ದದ್ದು ಹೊಲದ ನಂಟು, ರಕ್ತದ್ದಲ್ಲ. ಅಂಬ್ರಪ್ಪ ದೇವಕಮ್ಮನಿಗೆ ಅಣ್ಣನಾಗಬೇಕಿಲ್ಲ.

"ಮದುವಿ ಆತು ತಗೋ," ಎಂದರು ಸಾಹೇಬರು.

"ಮದುವಿ ಆತು," ತಿಮ್ಮವ್ವ ಹೇಳಿದಳು. "ಹೊಲ ಹೋತು."

ಅಂಗಳದಲ್ಲಿ ಆಡೊಂದು ಹಗ್ಗ ಎಳೆಯಿತು.

"ಇನಾಮಿನ ಕಾಲ ಮುಗದು ಎಷ್ಟೋ ವರ್ಷ ಆದ್ವು ಅವ್ವ," ಕಲ್ಯಾಣಮ್ಮ ಮೆಲ್ಲಗೆ ಹೇಳಿದಳು. "ಉಳದವ್ರ ಹೆಸರಿಲೇ ಪಹಣಿ ಅದ. ಈ ಹಾಳಿ ಹಿಡಕೊಂಡು ಕಚೇರ್ಯಾಗ ಯಾರೂ ನಿಮ್ಮ ಹೊಲ ಕಸಿಯಂಗಿಲ್ಲ."

"ಕಚೇರಿ ಮಾತು ಕಚೇರ್ಯಾಗ. ನಾಳಿ ಗುಡಿ ಮುಂದ ಇದನ್ನ ಓದತೀರಿ. ಖಂಡಪ್ಪ ಎದ್ದು ನಿಂತು, ಅದು ನಮ್ಮ ಹಿರಿಯಾರ ಹೊಲ ಅಂತಾನ. ಅಷ್ಟ ಸಾಕು. ಕಾಲುವಿ ನೀರು ಬಂದ ಮ್ಯಾಲ ಆ ಹೊಲ ಎರಡು ಬೆಳಿ ಕೊಡತದ, ಯಾರ ಬಾಯಾಗ ನೀರು ಬರಂಗಿಲ್ಲ? ಖಂಡಪ್ಪ ಕೇಳಲಿ, ಬಿಡಲಿ, ನಮ್ಮ ಹುಡುಗ ತಾನೇ ಬಿಟ್ಟುಕೊಡತಾನ. ಅಂವ ಅಂಥಾ ಖೋಡಿ."

"ಹೌದು, ಬಿಟ್ಟುಕೊಡತೀನಿ."

ಬಾಗಿಲಲ್ಲಿ ಅಂಬ್ರಪ್ಪ ನಿಂತಿದ್ದ. ಮೊಣಕಾಲವರೆಗೆ ಗದ್ದೆಯ ಕೆಸರು, ಹೆಗಲ ಮೇಲೆ ಸಲಿಕೆ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ.

"ಓದ್ರಿ ಅಕ್ಕೋರ. ನಾಳಿ ಎಲ್ಲಾರ ಮುಂದ ಓದ್ರಿ."

"ಹೊಲ ಬಿಟ್ಟು ಆಕಿಗಿ ಏನು ಉಣಸ್ತಿ?" ಅಜ್ಜಿ ಕೇಳಿದಳು.

"ರಟ್ಟಿ ಅವಲ್ಲ."

"ರಟ್ಟಿ ಬೇಯಿಸಿ ಉಣಸ್ತಿ?"

ಸಾಹೇಬರು ನಗು ಬಂದರೂ ನುಂಗಿಕೊಂಡರು. ಅಂಬ್ರಪ್ಪ ನಗಲಿಲ್ಲ. ಸಲಿಕೆಯನ್ನು ಗೋಡೆಗೆ ಒರಗಿಸಿ ಅಜ್ಜಿಯ ಎದುರು ಕುಕ್ಕರಗಾಲಲ್ಲಿ ಕುಳಿತ. "ಅವ್ವ, ನನಗ ಇದ ಹಾಳಿ ಬೇಕಂತ ನಾ ಹನ್ನೊಂದು ದಿನದಿಂದ ನಿದ್ದಿಗೆಟ್ಟು ಓಡ್ಯಾಡೀನಿ. ನೀ ದಿನಾ ರೊಟ್ಟಿ ಹಾಕಿ, ಉಣ್ಣು ಮಗನ ಅಂದಿ. ಅದು ನಿನ್ನ ಕೌದ್ಯಾಗ ಇತ್ತು."

ತಿಮ್ಮವ್ವನ ನಗು ಮೊದಲ ಸಲ ಪೂರ್ತಿ ಆರಿತು. ಮೊಮ್ಮಗನ ಕಾಲಿನ ಒಣ ಕೆಸರನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. "ಸುಡಬೇಕಂತ ಒಲಿ ಮುಂದ ಎರಡು ಸಲ ಒಯ್ದೆ," ಎಂದಳು ಕೊನೆಗೆ. "ಆಗಲಿಲ್ಲ."

ಕಲ್ಯಾಣಮ್ಮನಿಗೆ ಆಗ ಹೊಳೆಯಿತು, ಬಂದಾಗಿನಿಂದ ಮನಸ್ಸಿನಲ್ಲಿ ಕಲ್ಲಿನಂತೆ ಒತ್ತುತ್ತಿದ್ದದ್ದು ಏನೆಂದು.

"ಅವ್ವ, ನಿನಗ ಓದಾಕ ಬರಂಗಿಲ್ಲ. ಚಾಚಾ ಓದಿ ಹೇಳಿಲ್ಲ, ನೀನೂ ಕೇಳಿಲ್ಲ. ಇದ್ರಾಗ ಭರಮಪ್ಪನ ಹೆಸರದ, ಇನಾಮಿನ ಮಾತದ ಅಂತ ಕದಿಯೂಕಿಂತ ಮದ್ಲೇ ನಿನಗ ಹ್ಯಾಂಗ ಗೊತ್ತಿತ್ತು?"

ಮುದುಕಿ ಬಾಯಿ ತೆರೆದಳು. ಅಷ್ಟರಲ್ಲಿ ಕಾಲುವೆಯ ದಂಡೆಯ ಮೇಲೆ ಜೀಪೊಂದು ನಿಂತ ಸದ್ದಾಯಿತು.

ನೀರಾವರಿ ಇಲಾಖೆಯ ಜೀಪು. ಯಾರನ್ನೋ ಇಳಿಸಿ ಮುಂದಿನ ಗೇಟಿನ ಕಡೆಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಒಬ್ಬ ಹುಡುಗಿ ಕಾಣಿಸಿದಳು. ನೀಲಿ ಸೀರೆ, ಧೂಳು ಕುಳಿತ ಜಡೆ, ಕೈಯಲ್ಲಿ ಚಪ್ಪಲಿ. ಅಂಬ್ರಪ್ಪ ದಡಕ್ಕನೆ ಎದ್ದು, ಕೆಸರು ಕಾಲನ್ನು ಎಲ್ಲಿ ಬಚ್ಚಿಡಬೇಕೆಂದು ತಿಳಿಯದೆ, ಒಂದರ ಹಿಂದೆ ಇನ್ನೊಂದನ್ನು ಇಟ್ಟು ನಿಂತ. ಅವಳು ಯಾರೆಂದು ಕಲ್ಯಾಣಮ್ಮನಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ನಿಶ್ಚಯವಾಗದ ಮನೆಗೆ ಹುಡುಗಿ ತಾನಾಗಿ ಬರುವುದೆಂದರೆ ಊರಿಗೆ ಒಂದು ವರ್ಷದ ಮಾತು. ದೇವಕಮ್ಮನಿಗೂ ಅದು ಗೊತ್ತಿತ್ತು. ಹೊಸ್ತಿಲ ಹೊರಗೇ ನಿಂತಳು.

"ಅರ್ಜಿ ಬರಿಯೂ ಅಕ್ಕೋರು ನೀವೇ ಏನ್ರಿ?"

"ಹೌದವ್ವ."

"ಹಾಳಿ ಸಿಕ್ಕದೇನ್ರಿ?"

ಸಾಹೇಬರು ಉತ್ಸಾಹದಿಂದ ಹಾಳೆಯನ್ನು ಎತ್ತಿ ತೋರಿಸಿದರು. "ಸಿಕ್ಕದ ಬೇಟಿ. ಅಂವ ನಿನಗ ಅಣ್ಣ ಅಲ್ಲ. ನಾಳಿ ಓದಿಬಿಟ್ರ ಆತು."

"ಓದಬ್ಯಾಡ್ರಿ."

ಅಂಬ್ರಪ್ಪನ ಮುಖದ ಬಣ್ಣ ಇಳಿಯಿತು. ದೇವಕಮ್ಮ ಅವನ ಕಡೆ ನೋಡಲಿಲ್ಲ. ನೋಡಿದರೆ ಮಾತು ಮರೆತುಹೋಗುವುದೆಂಬ ಹೆದರಿಕೆ ಅವಳ ನಿಲುವಿನಲ್ಲೇ ಇತ್ತು.

"ಇದೇ ಹೊಲದ ಮ್ಯಾಲಿಂದು ಇನ್ನೊಂದು ಕಾಗದ ಅದ್ರಿ, ನಮ್ಮಪ್ಪನ ಪೆಟಗ್ಯಾಗ. ನೀವು ಮಡ್ಡಿನಾಳದ ಹಾಳಿ ಹುಡಕಾಕತ್ತೀರಿ ಅಂತ ಕೇಳಿದ ಮ್ಯಾಲ ಅದನ್ನ ಹೊರಗ ತಗದಾನ. ಅವ್ರು ಒಂದ ಕಾಗದ ಓದಿದ್ರ, ನಾ ಇದನ್ನ ಓದತೀನಿ ಅಂತ ಕುಂತಾನ. ನಾಳಿ ತರತಾನ. ಅದು ಊರ ಮುಂದ ಬಂದ್ರ ಈ ಮನಿಗೇ ಪೆಟ್ಟು."

"ಹೊಲ ನಮ್ಮದು ಅಂತ ಬರದದೇನು ಅದ್ರಾಗ?" ಕಲ್ಯಾಣಮ್ಮ ಕೇಳಿದಳು.

"ಇಲ್ಲ್ರಿ. ಕನ್ನಡದಾಗ ಅದ, ನಾ ಏಳನೇತ್ತ ಕಲ್ತೀನಿ, ಅಪ್ಪ ಇಲ್ಲದಾಗ ಓದೀನಿ. ಮಡ್ಡಿನಾಳದ ಹೊಲ ಅಂತ ಅದ. ಅದರ ಮುಂದ ಗಂಡಸರ ಹೆಸರಿಲ್ಲ. ಒಂದು ಹೆಣಮಗಳ ಹೆಸರದ." ದೇವಕಮ್ಮ ಪಡಸಾಲೆಯ ಒಳಗೆ, ಕೌದಿಯ ನಡುವೆ ಕುಳಿತ ಮುದುಕಿಯ ಕಡೆ ನೋಡಿದಳು. "ತಿಮ್ಮವ್ವ ಅಂತ."

ಸಾಹೇಬರ ಕೈಯಲ್ಲಿದ್ದ ಹಾಳೆ ನಿಧಾನವಾಗಿ ಕೆಳಗಿಳಿಯಿತು.

"ಊರಿಗೊಬ್ರು ತಿಮ್ಮವ್ವ ಇರತಾರ," ಅಂಬ್ರಪ್ಪ ಹೇಳಿದ. ಆಮೇಲೆ, ಉತ್ತರ ಬೇಡವೆನ್ನುವ ದನಿಯಲ್ಲಿ ಕೇಳಿದ: "ಅವ್ವ, ನಿನ್ನ ತವರು ಅಬ್ಬೆತುಮಕೂರ ಕಡಿ ಅಲ್ಲೇನು?"

ತಿಮ್ಮವ್ವ ಕೌದಿಯನ್ನು ತೊಡೆಯಿಂದ ಸರಿಸಿ, ಗೋಡೆ ಹಿಡಿದು ಎದ್ದು, ಹೊಸ್ತಿಲವರೆಗೆ ನಡೆದು ಬಂದಳು. ಹುಡುಗಿಯ ಗದ್ದವನ್ನು ಬೆಳಕಿಗೆ ಎತ್ತಿ, ಆ ಮುಖದಲ್ಲಿ ಯಾರನ್ನೋ ಹುಡುಕುವಂತೆ ಬಹಳ ಹೊತ್ತು ನೋಡಿದಳು.

"ಆಣಿಕಟ್ಟಿನ ನೀರಾಗ ನಾ ಹುಟ್ಟಿದ ಮನಿ ಪೂರಾ ಮುಳುಗ್ಯದೋ," ಎಂದು ಕೇಳಿದಳು, "ಮಾಳಗಿ ಇನ್ನೂ ಕಾಣತದೋ, ತಂಗಿ?"